ಕಾರ್ ರೇಸ್ ಟ್ರ್ಯಾಕಿನ ಮೇಲೆ ಇಳಿದ ಬೋಯಿಂಗ್: ಏರ್ ಕೆನಡಾ 143ರ ಪ್ರಕರಣ

1983ರ ಜುಲೈ 23, ಶನಿವಾರ ಸಂಜೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ವಿನ್ನಿಪೆಗ್ ಸರೋವರದ ದಡದಲ್ಲಿ, ಗಿಮ್ಲಿ ಅನ್ನುವ ಸಣ್ಣ ಊರಿದೆ. ಊರಿನ ಪಕ್ಕದಲ್ಲೇ ಒಂದು ಹಳೆಯ ವಾಯುಪಡೆ ನೆಲೆ. ಅಲ್ಲಿನ ಒಂದು ರನ್‌ವೇ ಬಳಕೆ ತಪ್ಪಿ ಕಾರ್ ರೇಸಿನ ಟ್ರ್ಯಾಕ್ ಆಗಿತ್ತು. ಅವತ್ತು ವಿನ್ನಿಪೆಗ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಅಲ್ಲಿಗೆ ಬಂದಿದ್ದರು. ಎಲ್ಲಿ ನೋಡಿದರೂ ಕಾರುಗಳು, ಗೋ-ಕಾರ್ಟುಗಳು, ಕ್ಯಾಂಪಿಂಗ್ ವ್ಯಾನುಗಳು, ಓಡಾಡುವ ಮಕ್ಕಳು. ಅಷ್ಟರಲ್ಲಿ ಒಂದು ದೊಡ್ಡ ಜೆಟ್ ವಿಮಾನ, ಎಂಜಿನ್ನಿನ ಸದ್ದೇ ಇಲ್ಲದೆ, ನೇರವಾಗಿ ಅವರ ಟ್ರ್ಯಾಕಿನ ಕಡೆಗೇ ಇಳಿಯತೊಡಗಿತು.

ಅದು ಏರ್ ಕೆನಡಾದ 143ನೇ ಫ್ಲೈಟ್. ವಿಮಾನ ಬೋಯಿಂಗ್ 767. ಮಾಂಟ್ರಿಯಲ್‌ನಿಂದ ಹೊರಟು, ಒಟ್ಟಾವಾದಲ್ಲಿ ನಿಂತು, ಎಡ್ಮಂಟನ್‌ಗೆ ಹೋಗಬೇಕಿತ್ತು. ಒಳಗೆ 61 ಪ್ರಯಾಣಿಕರು, 8 ಸಿಬ್ಬಂದಿ. ಅರ್ಧ ದಾರಿಯಲ್ಲಿ, 41,000 ಅಡಿ ಎತ್ತರದಲ್ಲಿ, ಇಂಧನ ಮುಗಿದುಹೋಯಿತು. ಎರಡೂ ಎಂಜಿನ್ ನಿಂತವು. ಅಲ್ಲಿಂದ 17 ನಿಮಿಷದಲ್ಲಿ ವಿಮಾನ ನೆಲದ ಮೇಲಿತ್ತು. 69 ಜನರೂ ಬದುಕಿದರು. ಯಾರಿಗೂ ದೊಡ್ಡ ಗಾಯ ಆಗಲಿಲ್ಲ.

ಈ ಘಟನೆಗೆ 'ಗಿಮ್ಲಿ ಗ್ಲೈಡರ್' ಎಂಬ ಹೆಸರು ಬಿತ್ತು. ಸಾಮಾನ್ಯವಾಗಿ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಕಿಲೋ ಅಂದುಕೊಂಡು ಪೌಂಡ್ ಲೆಕ್ಕದಲ್ಲಿ ಇಂಧನ ತುಂಬಿದರು, ಪಾಪ. ಆ ಮಾತು ಸುಳ್ಳಲ್ಲ. ಆದರೆ ಪ್ರಕರಣವನ್ನು ಪೂರ್ತಿ ಬಿಚ್ಚಿ ನೋಡಿದರೆ ಅಷ್ಟಕ್ಕೇ ತೃಪ್ತಿ ಆಗುವುದಿಲ್ಲ. ಅಷ್ಟು ದೊಡ್ಡ ಕಂಪನಿ, ಅಷ್ಟು ಹೊಸ ವಿಮಾನ, ಅನುಭವ ಇರುವ ಪೈಲಟ್‌ಗಳು. ಆ ಒಂದು ಗುಣಾಕಾರದ ತಪ್ಪು ಯಾರ ಕಣ್ಣಿಗೂ ಬೀಳದೆ ಆಕಾಶಕ್ಕೆ ಏರಿದ್ದಾದರೂ ಹೇಗೆ? ನನಗೆ ಸಿಕ್ಕ ಉತ್ತರ ಇಷ್ಟು: ಆ ಲೆಕ್ಕ ಮಾಡುವುದು ಯಾರ ಕೆಲಸ ಅನ್ನುವುದನ್ನೇ ಯಾರೂ ತೀರ್ಮಾನ ಮಾಡಿರಲಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಕೊನೆಗೆ ಜನರನ್ನು ಉಳಿಸಿದ ಸಂಗತಿಗಳೂ ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ಹೊಸ ವಿಮಾನ, ಹೊಸ ಅಳತೆ

ಆ ಕಾಲಕ್ಕೆ 767 ಹೊಚ್ಚ ಹೊಸ ಮಾದರಿ. ಪ್ರಯಾಣಿಕರನ್ನು ಹೊತ್ತು ಹಾರಲು ಶುರು ಮಾಡಿದ್ದೇ 1982ರಲ್ಲಿ. ಗಿಮ್ಲಿಯಲ್ಲಿ ಇಳಿದ ವಿಮಾನವಂತೂ ಏರ್ ಕೆನಡಾದ ಕೈಗೆ ಬಂದು ಕೆಲವೇ ತಿಂಗಳಾಗಿತ್ತು. ಕಾಕ್‌ಪಿಟ್ಟಿನಲ್ಲಿ ಮುಳ್ಳಿನ ಡಯಲ್‌ಗಳ ಬದಲು ಪರದೆಗಳು. ಬಹಳಷ್ಟು ಲೆಕ್ಕ ಕಂಪ್ಯೂಟರೇ ಮಾಡುತ್ತಿತ್ತು. ಹಾಗಾಗಿ ಇಬ್ಬರು ಪೈಲಟ್ ಸಾಕು ಅಂತ ತೀರ್ಮಾನವಾಗಿತ್ತು.

ಅದಕ್ಕಿಂತ ಹಿಂದಿನ ದೊಡ್ಡ ವಿಮಾನಗಳಲ್ಲಿ ಮೂರನೆಯವರೊಬ್ಬರು ಇರುತ್ತಿದ್ದರು. ಅವರೇ ಫ್ಲೈಟ್ ಎಂಜಿನಿಯರ್. ಎಷ್ಟು ಇಂಧನ ಇದೆ, ಎಷ್ಟು ಬೇಕು, ಎಷ್ಟು ತುಂಬಿಸಿದರು, ಇದೆಲ್ಲ ಅವರ ಕೆಲಸ. 767ರಲ್ಲಿ ಆ ಕುರ್ಚಿ ಹೋಯಿತು. ಕುರ್ಚಿಯ ಜೊತೆ ಕೆಲಸವೂ ಹೋಗುತ್ತದೆಯೇ? ಕಂಪ್ಯೂಟರ್ ಸರಿ ಇದ್ದಾಗ ಹೋಗುತ್ತದೆ. ಕಂಪ್ಯೂಟರ್ ಕೆಟ್ಟ ದಿನ ಆ ಕೆಲಸ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಆಗ ಅದನ್ನು ಪೈಲಟ್ ಮಾಡಬೇಕೋ, ನೆಲದ ಮೇಲಿನ ಮೆಕ್ಯಾನಿಕ್ ಮಾಡಬೇಕೋ? ಪೈಲಟ್‌ಗಳು ಅದು ಮೆಕ್ಯಾನಿಕ್‌ಗಳ ಕೆಲಸ ಅಂದುಕೊಂಡಿದ್ದರು. ಮೆಕ್ಯಾನಿಕ್‌ಗಳಿಗೆ ಅದರ ತರಬೇತಿಯೇ ಆಗಿರಲಿಲ್ಲ. ಪೈಲಟ್‌ಗಳಿಗೂ ಆಗಿರಲಿಲ್ಲ.

ಇದೇ ಹೊತ್ತಿಗೆ ಕೆನಡಾ ದೇಶ ಹಳೆಯ ಅಳತೆಗಳಿಂದ ಮೆಟ್ರಿಕ್ ಅಳತೆಗೆ ಬದಲಾಗುತ್ತಿತ್ತು. 1970ರ ದಶಕದಲ್ಲಿ ಶುರುವಾದ ಕೆಲಸ ಅದು. ಏರ್ ಕೆನಡಾದಲ್ಲಿ ಮೊದಲ ಮೆಟ್ರಿಕ್ ವಿಮಾನ ಅಂದರೆ ಈ 767. ಅದರ ಇಂಧನದ ಲೆಕ್ಕ ಕಿಲೋದಲ್ಲಿ. ಕಂಪನಿಯ ಉಳಿದ ಎಲ್ಲ ವಿಮಾನಗಳ ಲೆಕ್ಕ ಪೌಂಡಿನಲ್ಲಿ. ಅಂದರೆ ಒಬ್ಬನೇ ಮೆಕ್ಯಾನಿಕ್ ಬೆಳಗ್ಗೆ ಪೌಂಡ್, ಮಧ್ಯಾಹ್ನ ಕಿಲೋ ನೋಡಬೇಕಾಗಿತ್ತು.

ನಮಗೆ ಈ ಪರಿಸ್ಥಿತಿ ತೀರಾ ಹೊಸದಲ್ಲ, ಅಲ್ವಾ? ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದಿದ್ದು 1956ರಲ್ಲಿ. ಇವತ್ತಿಗೂ ಪೆಟ್ರೋಲ್ ಲೀಟರಿನಲ್ಲಿ ಕೊಳ್ಳುತ್ತೇವೆ, ಸೈಟನ್ನು ಮಾತ್ರ 30–40 ಅಂತ ಅಡಿಯಲ್ಲೇ ಹೇಳುತ್ತೇವೆ, ಜಮೀನು ಬಂದರೆ ಎಕರೆ, ಗುಂಟೆ. ಅದರಿಂದ ದಿನನಿತ್ಯ ತೊಂದರೆ ಆಗುವುದಿಲ್ಲ. ಯಾಕೆಂದರೆ ಪೆಟ್ರೋಲನ್ನೂ ಸೈಟನ್ನೂ ಯಾರೂ ಒಂದೇ ಲೆಕ್ಕದಲ್ಲಿ ಕೂಡಿಸುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಅವತ್ತು ಎರಡು ಅಳತೆಗಳು ಒಂದೇ ಹಾಳೆಯ ಮೇಲೆ ಬಂದವು.

ಒಂದು ಬೆಸುಗೆ, ಒಂದು ಸ್ವಿಚ್, ಒಂದು ಚೀಟಿ

ಈಗ ವಿಮಾನದ ಇಂಧನ ಗೇಜಿನ ಕಥೆ. ಟ್ಯಾಂಕಿನಲ್ಲಿ ಎಷ್ಟಿದೆ ಅಂತ ತೋರಿಸಲು 767ರಲ್ಲಿ ಒಂದು ಎಲೆಕ್ಟ್ರಾನಿಕ್ ಘಟಕ ಇತ್ತು. ಅದರಲ್ಲಿ ಎರಡು ಚಾನೆಲ್. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಆದರೆ ಒಂದು ಚಾನೆಲ್ಲಿನ ಒಳಗೆ ಒಂದು ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ಆ ಚಾನೆಲ್ ಪೂರ್ತಿ ಸತ್ತಿದ್ದರೆ ಇನ್ನೊಂದು ಕೆಲಸಕ್ಕೆ ಬರುತ್ತಿತ್ತು. ಅದು ಅರ್ಧ ಜೀವದಲ್ಲಿ ಇದ್ದಿದ್ದರಿಂದ ಇಡೀ ಘಟಕವೇ ಗೊಂದಲಕ್ಕೆ ಬಿದ್ದು ಗೇಜುಗಳೆಲ್ಲ ಖಾಲಿ ಆಗಿಬಿಡುತ್ತಿದ್ದವು.

ಎಡ್ಮಂಟನ್‌ನ ಒಬ್ಬ ತಂತ್ರಜ್ಞ ಇದಕ್ಕೆ ಒಂದು ದಾರಿ ಹುಡುಕಿದರು. ಕೆಟ್ಟ ಚಾನೆಲ್ಲಿಗೆ ಕರೆಂಟ್ ಹೋಗುವ ಸರ್ಕ್ಯೂಟ್ ಬ್ರೇಕರನ್ನು ಎಳೆದು ತೆಗೆದರೆ, ಒಳ್ಳೆಯ ಚಾನೆಲ್ ಒಂದೇ ಸುಸೂತ್ರವಾಗಿ ನಡೆಯುತ್ತದೆ. ಹಾಗೇ ಮಾಡಿ, ಬ್ರೇಕರಿಗೆ ಒಂದು ಚೀಟಿ ಕಟ್ಟಿದರು. ಬದಲಿ ಘಟಕ ದಾಸ್ತಾನಿನಲ್ಲಿ ಇರಲಿಲ್ಲ. ಒಂದು ಚಾನೆಲ್ ಮೇಲೆ ಹಾರಬಹುದು, ಆದರೆ ಹೊರಡುವ ಮುನ್ನ ಟ್ಯಾಂಕಿಗೆ ಅಳತೆಕೋಲು ಬಳಸಿ ಇಂಧನ ಎಷ್ಟಿದೆ ಅಂತ ಖಚಿತ ಮಾಡಿಕೊಳ್ಳಬೇಕು. ಅದು ನಿಯಮ. ಹಾಗೆಯೇ ವಿಮಾನ ಎಡ್ಮಂಟನ್‌ನಿಂದ ಮಾಂಟ್ರಿಯಲ್‌ಗೆ ಬಂತು. ಗೇಜ್ ಕೆಲಸ ಮಾಡುತ್ತಲೇ ಇತ್ತು.

ಮಾಂಟ್ರಿಯಲ್‌ನಲ್ಲಿ ಇನ್ನೊಬ್ಬ ತಂತ್ರಜ್ಞ ಕಾಕ್‌ಪಿಟ್ಟಿಗೆ ಬಂದರು. ದಾಖಲೆ ಪುಸ್ತಕದಲ್ಲಿ ಬರೆದಿದ್ದು ಅವರಿಗೆ ಪೂರ್ತಿ ಅರ್ಥ ಆಗಲಿಲ್ಲ. ತಾವೇ ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಅಂತ ಬ್ರೇಕರನ್ನು ಮತ್ತೆ ಒಳಗೆ ಒತ್ತಿದರು. ಗೇಜುಗಳು ಖಾಲಿಯಾದವು. ಅಷ್ಟರಲ್ಲಿ ಇಂಧನದ ಲಾರಿ ಬಂತು. ಅವರ ಗಮನ ಅತ್ತ ಹೋಯಿತು. ಬ್ರೇಕರನ್ನು ಮತ್ತೆ ಎಳೆಯುವುದು ಮರೆತುಹೋಯಿತು. ಚೀಟಿ ಮಾತ್ರ ಅಲ್ಲೇ ತೂಗಾಡುತ್ತಿತ್ತು. ನೋಡಿದವರಿಗೆ ಬ್ರೇಕರ್ ಎಳೆದೇ ಇದೆ ಅನ್ನಿಸುವ ಹಾಗೆ.

ನನ್ನ ಪಾಲಿಗೆ ಇಡೀ ಪ್ರಕರಣದಲ್ಲಿ ಅತಿ ಕಾಡುವ ವಿವರ ಈ ಚೀಟಿ. ಎಚ್ಚರಿಕೆಗೆ ಅಂತ ಕಟ್ಟಿದ ವಸ್ತುವೇ ಮುಂದೆ ಬಂದವರ ಕಣ್ಣಿಗೆ ಮರೆಯಾಗಿ ನಿಂತಿತು.

ನಂತರ ಬಂದವರು ಕ್ಯಾಪ್ಟನ್ ಬಾಬ್ ಪಿಯರ್ಸನ್ ಮತ್ತು ಸಹ ಪೈಲಟ್ ಮೌರೀಸ್ ಕ್ವಿಂಟಾಲ್. ಆ ವಿಮಾನವನ್ನು ಮಾಂಟ್ರಿಯಲ್‌ಗೆ ತಂದ ಕ್ಯಾಪ್ಟನ್ ಜೊತೆ ಪಿಯರ್ಸನ್ ಮಾತಾಡಿದ್ದರು. ಇಂಧನ ಗೇಜಿನಲ್ಲಿ ತೊಂದರೆ ಇದೆ ಅಂತ ಅವರು ಹೇಳಿದ್ದರು. ಆ ಮಾತಿನಿಂದ ಪಿಯರ್ಸನ್‌ಗೆ, ವಿಮಾನ ಅಲ್ಲಿಂದ ಇಲ್ಲಿಯವರೆಗೆ ಗೇಜ್ ಇಲ್ಲದೆಯೇ ಹಾರಿ ಬಂದಿದೆ ಅನ್ನಿಸಿತು. ಹಾಗಾಗಿ ಖಾಲಿ ಪರದೆ ಕಂಡಾಗ ಅವರು ಗಾಬರಿಯಾಗಲಿಲ್ಲ. ಅವರು ನಿರೀಕ್ಷಿಸಿದ್ದೇ ಅದು.

ನಿಯಮದ ಪ್ರಕಾರ ಗೇಜುಗಳೆಲ್ಲ ಖಾಲಿ ಇದ್ದರೆ ವಿಮಾನ ಹೊರಡುವಂತಿಲ್ಲ. ಯಾವ ಭಾಗ ಕೆಟ್ಟಿದ್ದರೂ ಹಾರಬಹುದು, ಯಾವುದು ಕೆಟ್ಟರೆ ಹಾರಬಾರದು ಅನ್ನುವುದಕ್ಕೆ ಪ್ರತಿ ವಿಮಾನಕ್ಕೂ ಒಂದು ಪಟ್ಟಿ ಇರುತ್ತದೆ. ಆದರೆ 767ರ ಪಟ್ಟಿ ಇನ್ನೂ ತಯಾರಾಗುತ್ತಿತ್ತು. ಪದೇ ಪದೇ ತಿದ್ದುಪಡಿ ಬರುತ್ತಿತ್ತು, ಕೆಲವು ಪುಟ ಖಾಲಿಯೇ ಇದ್ದವು. ಪಟ್ಟಿಗಿಂತ ನಿರ್ವಹಣೆ ವಿಭಾಗದವರ ಒಪ್ಪಿಗೆಯನ್ನೇ ನಂಬುವುದು ಪೈಲಟ್‌ಗಳಿಗೆ ರೂಢಿಯಾಗಿಬಿಟ್ಟಿತ್ತು.

1.77

ಗೇಜ್ ಇಲ್ಲ ಅಂದಮೇಲೆ ಕೈಲೆಕ್ಕವೇ ಗತಿ. ರೆಕ್ಕೆಯ ಕೆಳಗೆ ಇರುವ ಅಳತೆಕೋಲುಗಳಿಂದ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ ಅಂತ ಅಳೆಯಬಹುದು. ಆದರೆ ವಿಮಾನಕ್ಕೆ ಬೇಕಾದ್ದು ಲೀಟರ್ ಅಲ್ಲ, ತೂಕ. ಬಿಸಿಗೆ ಇಂಧನ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಆದರೆ ತೂಕ ಬದಲಾಗುವುದಿಲ್ಲ. ಎಂಜಿನ್ನಿಗೆ ಸಿಗುವ ಶಕ್ತಿ ತೂಕದ ಮೇಲೆ ನಿಂತಿದೆ. ಹಾಗಾಗಿ ಲೀಟರನ್ನು ತೂಕಕ್ಕೆ ಬದಲಿಸಲು ಒಂದು ಅಂಕಿಯಿಂದ ಗುಣಿಸಬೇಕು.

ಆ ಪ್ರಯಾಣಕ್ಕೆ ಬೇಕಾಗಿದ್ದು 22,300 ಕಿಲೋ. ಟ್ಯಾಂಕಿನಲ್ಲಿ ಆಗಲೇ ಇದ್ದದ್ದು 7,682 ಲೀಟರ್. ಆ ದಿನದ ಇಂಧನ ಒಂದು ಲೀಟರಿಗೆ 0.803 ಕಿಲೋ ತೂಗುತ್ತಿತ್ತು. ಅಂದರೆ ಇದ್ದದ್ದು 6,169 ಕಿಲೋ. ಇನ್ನೂ 16,131 ಕಿಲೋ ಬೇಕು. ಅದನ್ನು ಲೀಟರಿಗೆ ತಿರುಗಿಸಿದರೆ ಸುಮಾರು 20,088 ಲೀಟರ್ ತುಂಬಬೇಕಿತ್ತು.

ಅವರು ಬಳಸಿದ ಅಂಕಿ 0.803 ಅಲ್ಲ, 1.77. ಇಂಧನ ತುಂಬುವವರ ಕಾಗದದಲ್ಲಿ ಇದ್ದದ್ದು ಅದೇ. ಉಳಿದ ವಿಮಾನಗಳಿಗೆಲ್ಲ ಅದೇ ಬಳಸುತ್ತಿದ್ದರು. ಅದು ಒಂದು ಲೀಟರ್ ಇಂಧನದ ತೂಕ, ಪೌಂಡಿನಲ್ಲಿ. 7,682ನ್ನು 1.77ರಿಂದ ಗುಣಿಸಿದರೆ 13,597. ಇದನ್ನು ಕಿಲೋ ಅಂದುಕೊಂಡರು. ಇನ್ನು 8,703 ಕಿಲೋ ಸಾಕು ಅಂತಾಯಿತು. ಮತ್ತೆ 1.77ರಿಂದ ಭಾಗಿಸಿ ಸುಮಾರು 4,900 ಲೀಟರ್ ತುಂಬಿಸಿದರು. 20,088 ಬೇಕಿದ್ದಲ್ಲಿ 4,900.

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಂತು ನೋಡಬೇಕು. ಅವರ ಗುಣಾಕಾರ, ಭಾಗಾಕಾರ, ಕಳೆಯುವುದು ಎಲ್ಲವೂ ಸರಿಯಾಗಿತ್ತು. ಒಂದು ಅಂಕಿಯೂ ಎಡವಿರಲಿಲ್ಲ. ವಿಮಾನದಲ್ಲಿ ಕೊನೆಗೆ ಇದ್ದದ್ದು ಪಕ್ಕಾ 22,300. ಪೌಂಡ್. ಕಿಲೋದಲ್ಲಿ ಹೇಳುವುದಾದರೆ 10,100 ಚಿಲ್ಲರೆ. ಅಂದರೆ ಬೇಕಿದ್ದರ ಅರ್ಧಕ್ಕಿಂತ ಕಡಿಮೆ. ಲೆಕ್ಕವನ್ನು ಎಷ್ಟು ಸಲ ತಾಳೆ ನೋಡಿದರೂ ಸರಿಯೇ ಬರುತ್ತಿತ್ತು. ಒಟ್ಟಾವಾದಲ್ಲಿ ಪಿಯರ್ಸನ್ ಇನ್ನೊಮ್ಮೆ ಅಳತೆ ಮಾಡಿಸಿದರು. ಜಾಗರೂಕ ಮನುಷ್ಯ. ಆದರೆ ಮತ್ತೆ ಅದೇ 1.77, ಮತ್ತೆ ಅದೇ ಸಮಾಧಾನದ ಉತ್ತರ. ಎರಡನೇ ಸಲ ಪರೀಕ್ಷಿಸುವುದರಿಂದ ತಪ್ಪು ಸಿಗಬೇಕಾದರೆ ಎರಡನೇ ದಾರಿಯಲ್ಲಿ ಪರೀಕ್ಷಿಸಬೇಕು.

ಆಮೇಲೆ 22,300 ಅನ್ನುವ ಸಂಖ್ಯೆಯನ್ನು ವಿಮಾನದ ಕಂಪ್ಯೂಟರಿಗೆ ಕೈಯಿಂದಲೇ ಕೊಟ್ಟರು. ಅದು ಕಿಲೋ ಅಂತಲೇ ತೆಗೆದುಕೊಂಡಿತು. ಹಾರುತ್ತಾ ಹಾರುತ್ತಾ ಖರ್ಚಾದ ಇಂಧನವನ್ನು ಅದರಿಂದ ಕಳೆಯುತ್ತಾ ಹೋಯಿತು. ಟ್ಯಾಂಕ್ ಬರಿದಾಗುವ ಹೊತ್ತಿಗೂ ಪರದೆಯ ಮೇಲೆ ಬೇಕಾದಷ್ಟು ಇಂಧನ ಇತ್ತು.

ಅಳತೆ ಬೆರೆತು ಆದ ಅನಾಹುತ ಇದೊಂದೇ ಅಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಹೋಗಿ ನಾಶವಾಗಿದ್ದೂ ಇಂಥದ್ದೇ ಕಾರಣಕ್ಕೆ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ಮೆಟ್ರಿಕ್ ಅಂದುಕೊಂಡಿತ್ತು. ಪುಣ್ಯಕ್ಕೆ ಅದರಲ್ಲಿ ಮನುಷ್ಯರಿರಲಿಲ್ಲ.

41,000 ಅಡಿ ಮೇಲೆ

ಒಂಟಾರಿಯೋದ ರೆಡ್ ಲೇಕ್ ಊರಿನ ಮೇಲೆ ಹಾರುವಾಗ ಮೊದಲ ಎಚ್ಚರಿಕೆ ಬಂತು. ಎಡಗಡೆ ಇಂಧನದ ಒತ್ತಡ ಕಡಿಮೆಯಾಗಿದೆ. ಒಂದು ಪಂಪ್ ಕೆಟ್ಟಿರಬೇಕು ಅಂದುಕೊಂಡರು. ಹಾಗೆ ಅಂದುಕೊಳ್ಳದೆ ಇನ್ನೇನು? ಕಂಪ್ಯೂಟರ್ ಪ್ರಕಾರ ಇಂಧನ ಬೇಕಾದಷ್ಟಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಎಚ್ಚರಿಕೆ. ಯಾಕೋ ಸರಿ ಇಲ್ಲ ಅಂತ ವಿನ್ನಿಪೆಗ್ ಕಡೆ ತಿರುಗಿಸಿದರು. ಅಷ್ಟರಲ್ಲಿ ಎಡ ಎಂಜಿನ್ ನಿಂತಿತು. ಒಂದೇ ಎಂಜಿನ್ನಿನಲ್ಲಿ ಇಳಿಯುವ ಸಿದ್ಧತೆ ನಡೆಸುತ್ತಿದ್ದರು. ಆಗ 'ಬಾಂಗ್' ಅಂತ ಒಂದು ಸದ್ದು. ತರಬೇತಿಯಲ್ಲೂ ಅವರು ಯಾವತ್ತೂ ಕೇಳಿರದ ಸದ್ದು ಅದು. ಎಲ್ಲ ಎಂಜಿನ್ ನಿಂತಿವೆ ಅಂತ ಅದರ ಅರ್ಥ. ಎರಡೂ ಎಂಜಿನ್ ಒಟ್ಟಿಗೆ ಹೋಗಬಹುದು ಅಂತ ಯಾರೂ ಯೋಚಿಸಿರಲಿಲ್ಲ, ಹಾಗಾಗಿ ಕಲಿಸಿಯೂ ಇರಲಿಲ್ಲ.

ಎಂಜಿನ್ ನಿಂತರೆ ಕರೆಂಟೂ ಹೋಗುತ್ತದೆ. ಆ ಹೊಸ ಪರದೆಗಳೆಲ್ಲ ಕಪ್ಪಾದವು. ಬ್ಯಾಟರಿಯಲ್ಲಿ ನಡೆಯುವ ಕೆಲವು ಹಳೆಯ ಕಾಲದ ಉಪಕರಣಗಳು ಮಾತ್ರ ಉಳಿದವು. ವಿಮಾನ ಎಷ್ಟು ಬೇಗ ಇಳಿಯುತ್ತಿದೆ ಅಂತ ಹೇಳುವ ಉಪಕರಣ ಅವುಗಳಲ್ಲಿ ಇರಲಿಲ್ಲ. ಆದರೆ ವಿಮಾನದ ಹೊಟ್ಟೆಯಿಂದ ಒಂದು ಸಣ್ಣ ಫ್ಯಾನ್ ತಾನಾಗಿಯೇ ಹೊರಗೆ ಬಂತು. ಎದುರು ಗಾಳಿಗೆ ತಿರುಗಿ ಹೈಡ್ರಾಲಿಕ್ ಒತ್ತಡ ಕೊಡುವುದು ಅದರ ಕೆಲಸ. ಅದು ತಿರುಗುತ್ತಿದ್ದಷ್ಟು ಹೊತ್ತು ವಿಮಾನ ಪೈಲಟ್ಟಿನ ಮಾತು ಕೇಳುತ್ತದೆ.

ಇಲ್ಲಿಂದ ಪ್ರಕರಣ ತಿರುಗುತ್ತದೆ. ಪಿಯರ್ಸನ್‌ಗೆ ಬಿಡುವಿನ ವೇಳೆಯಲ್ಲಿ ಗ್ಲೈಡರ್ ಹಾರಿಸುವ ಹವ್ಯಾಸ ಇತ್ತು. ಎಂಜಿನ್ನೇ ಇಲ್ಲದ ವಿಮಾನ ಅದು. ಜೆಟ್ ಪೈಲಟ್‌ಗಳಲ್ಲಿ ಇದು ಎಲ್ಲರಿಗೂ ಇರುವ ಅನುಭವ ಅಲ್ಲ. ಆದಷ್ಟು ದೂರ ತೇಲಬೇಕಾದರೆ ಯಾವ ವೇಗ ಇಟ್ಟುಕೊಳ್ಳಬೇಕು? 767ರ ಪುಸ್ತಕದಲ್ಲಿ ಎರಡೂ ಎಂಜಿನ್ ನಿಂತಾಗ ಏನು ಮಾಡಬೇಕು ಅನ್ನುವ ಅಧ್ಯಾಯವೇ ಇರಲಿಲ್ಲ. ಅವರು ಅಂದಾಜಿನ ಮೇಲೆ 220 ನಾಟ್, ಅಂದರೆ ಗಂಟೆಗೆ ಸುಮಾರು 407 ಕಿಲೋಮೀಟರ್ ವೇಗ ಹಿಡಿದರು.

ಪಕ್ಕದಲ್ಲಿ ಕ್ವಿಂಟಾಲ್ ಲೆಕ್ಕ ಹಾಕುತ್ತಿದ್ದರು. ಎತ್ತರ ತೋರಿಸುವ ಉಪಕರಣ ಎದುರಿಗಿತ್ತು. ಎಷ್ಟು ದೂರ ಬಂದೆವು ಅನ್ನುವುದನ್ನು ವಿನ್ನಿಪೆಗ್‌ನ ನಿಯಂತ್ರಕರು ರೇಡಾರಿನಲ್ಲಿ ನೋಡಿ ಹೇಳುತ್ತಿದ್ದರು. 10 ನಾಟಿಕಲ್ ಮೈಲಿ ದೂರಕ್ಕೆ 5,000 ಅಡಿ ಕಳೆದುಕೊಂಡಿದ್ದರು. ಒಂದು ಅಡಿ ಇಳಿದರೆ ಸುಮಾರು 12 ಅಡಿ ಮುಂದೆ. ಈ ಲೆಕ್ಕದಲ್ಲಿ ವಿನ್ನಿಪೆಗ್ ಸಿಗುವುದಿಲ್ಲ ಅಂತ ಖಚಿತವಾಯಿತು.

ನೆಲದ ಮೇಲೆ ಆರಾಮಾಗಿ ಮಾಡಿದ ಲೆಕ್ಕ ತಪ್ಪಿತ್ತು. ಕತ್ತಲಾದ ಪರದೆಗಳ ಎದುರು ಕೂತು ಮಾಡಿದ ಲೆಕ್ಕ ಸರಿ ಇತ್ತು. ಇದನ್ನು ಧೈರ್ಯದ ಮಾತಾಗಿ ಹೇಳಬಹುದು. ನನಗೆ ಕಾಣುವುದು ಬೇರೆ. ಈ ಸಲ ಲೆಕ್ಕ ಯಾರು ಮಾಡುತ್ತಾರೆ ಅನ್ನುವುದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಒಬ್ಬರು ಹಾರಿಸುತ್ತಾರೆ, ಒಬ್ಬರು ಎಣಿಸುತ್ತಾರೆ.

ಗಿಮ್ಲಿಯ ಹೆಸರು ಎತ್ತಿದವರು ಕ್ವಿಂಟಾಲ್. ಅವರು ಹಿಂದೆ ಕೆನಡಾ ವಾಯುಪಡೆಯಲ್ಲಿದ್ದಾಗ ಆ ನೆಲೆಯಲ್ಲಿ ಇದ್ದವರು. ಅಲ್ಲಿ ಎರಡು ಉದ್ದನೆಯ ರನ್‌ವೇ ಇದ್ದದ್ದು ಅವರಿಗೆ ನೆನಪಿತ್ತು. ನೆಲೆ 1971ರಲ್ಲಿ ಮುಚ್ಚಿದ್ದು, ಅದರಲ್ಲೊಂದು ರನ್‌ವೇ ಈಗ ರೇಸ್ ಟ್ರ್ಯಾಕ್ ಆಗಿರುವುದು, ಅದರ ಮಧ್ಯೆ ಉದ್ದಕ್ಕೂ ಕಬ್ಬಿಣದ ತಡೆಗಂಬಿ ಹಾಕಿರುವುದು, ಅವತ್ತೇ ಅಲ್ಲಿ ಜನ ಸೇರಿರುವುದು, ಇದು ಯಾವುದೂ ಅವರಿಗೆ ಗೊತ್ತಿರಲಿಲ್ಲ.

ಗಿಮ್ಲಿ

ಚಕ್ರಗಳನ್ನು ಇಳಿಸಲು ಸಾಕಷ್ಟು ಹೈಡ್ರಾಲಿಕ್ ಒತ್ತಡ ಇರಲಿಲ್ಲ. ತೂಕಕ್ಕೆ ತಾನಾಗಿಯೇ ಬೀಳುವಂತೆ ಕೊಂಡಿ ಬಿಚ್ಚಿದರು. ಹಿಂದಿನ ಚಕ್ರಗಳು ಬಿದ್ದು ಗಟ್ಟಿಯಾಗಿ ನಿಂತವು. ಮೂತಿಯ ಚಕ್ರ ಎದುರು ಗಾಳಿಯ ಒತ್ತಡಕ್ಕೆ ಪೂರ್ತಿ ಕೂರಲಿಲ್ಲ.

ಹತ್ತಿರ ಬಂದಾಗ ಇನ್ನೊಂದು ಸಮಸ್ಯೆ. ಅಷ್ಟು ಹೊತ್ತು ಎತ್ತರ ಸಾಲದು ಅನ್ನುವ ಭಯ ಇತ್ತು. ಈಗ ಎತ್ತರ ಜಾಸ್ತಿ ಆಗಿತ್ತು. ಮೂತಿ ಬಗ್ಗಿಸಿ ಕೆಳಗಿಳಿದರೆ ವೇಗ ಏರುತ್ತದೆ, ರನ್‌ವೇ ಸಾಲುವುದಿಲ್ಲ. ಒಂದು ಸುತ್ತು ಹಾಕಿ ಬರೋಣ ಅಂದರೆ ಅಷ್ಟು ಎತ್ತರವೂ ಇಲ್ಲ. ವೇಗ ತಗ್ಗಿಸುವ ರೆಕ್ಕೆಯ ಫ್ಲ್ಯಾಪುಗಳು ಕೆಲಸ ಮಾಡುವಂತಿರಲಿಲ್ಲ. ಎಂಜಿನ್ ಇಲ್ಲದ ಮೇಲೆ ಎರಡನೇ ಅವಕಾಶದ ಮಾತೇ ಇಲ್ಲ.

ಗ್ಲೈಡರ್ ಹಾರಿಸುವವರಿಗೆ ಇದಕ್ಕೊಂದು ಹಳೆಯ ಉಪಾಯ ಗೊತ್ತು. ಅದನ್ನು ಸೈಡ್ ಸ್ಲಿಪ್ ಅನ್ನುತ್ತಾರೆ. ಒಂದು ರೆಕ್ಕೆಯನ್ನು ಕೆಳಗೆ ವಾಲಿಸಬೇಕು. ಅದೇ ಸಮಯಕ್ಕೆ ಬಾಲದ ರಡ್ಡರನ್ನು ಅದರ ಎದುರು ದಿಕ್ಕಿಗೆ ಪೂರ್ತಿ ಒತ್ತಬೇಕು. ಆಗ ವಿಮಾನ ತಿರುಗುವುದಿಲ್ಲ. ಮೈಯನ್ನು ಓರೆ ಮಾಡಿಕೊಂಡು, ಪಕ್ಕೆಯನ್ನು ಗಾಳಿಗೆ ಒಡ್ಡಿಕೊಂಡು ಮುಂದೆ ಜಾರುತ್ತದೆ. ಗಾಳಿಯ ತಡೆ ಒಮ್ಮೆಗೇ ಏರುತ್ತದೆ. ವೇಗ ಹೆಚ್ಚಾಗದೆ ಎತ್ತರ ಕರಗುತ್ತದೆ. ಸಣ್ಣ ವಿಮಾನಗಳಲ್ಲಿ ಇದು ಮಾಮೂಲು. ಪ್ರಯಾಣಿಕರನ್ನು ಹೊತ್ತ ದೊಡ್ಡ ಜೆಟ್‌ನಲ್ಲಿ ಯಾರೂ ಮಾಡುವ ಕೆಲಸ ಅಲ್ಲ.

ಪಿಯರ್ಸನ್ ಮಾಡಿದರು. ಖಾಲಿ ಇದ್ದಾಗಲೇ ಸುಮಾರು 80 ಟನ್ ತೂಗುವ ವಿಮಾನ ಒಂದು ಕಡೆಗೆ ವಾಲಿಕೊಂಡು ಇಳಿಯಿತು. ಒಂದು ಬದಿಯ ಕಿಟಕಿಯಲ್ಲಿ ಬರೀ ಆಕಾಶ. ಇನ್ನೊಂದು ಬದಿಯಲ್ಲಿ ನೆಲ, ಅಲ್ಲಿದ್ದ ಗಾಲ್ಫ್ ಮೈದಾನ. ವೇಗ ತಗ್ಗುತ್ತಿದ್ದ ಹಾಗೆ ಹೊಟ್ಟೆಯ ಕೆಳಗಿನ ಫ್ಯಾನ್ ನಿಧಾನವಾಯಿತು, ನಿಯಂತ್ರಣ ಇನ್ನಷ್ಟು ಭಾರವಾಯಿತು. ನೆಲ ಮುಟ್ಟುವ ಮುನ್ನ ಅವರು ವಿಮಾನವನ್ನು ನೇರ ಮಾಡಿದರು.

ಟ್ರ್ಯಾಕಿನ ಮೇಲೆ ಇಬ್ಬರು ಹುಡುಗರು ಸೈಕಲ್ ಹೊಡೆಯುತ್ತಿದ್ದರು. ವಿಮಾನ ನೆಲ ಮುಟ್ಟಬೇಕಾದ ಜಾಗದಿಂದ 300 ಮೀಟರ್ ಒಳಗೇ ಇದ್ದರು. ಎಂಜಿನ್ ಸದ್ದು ಇದ್ದಿದ್ದರೆ ಮೈಲಿ ದೂರದಿಂದಲೇ ಕೇಳುತ್ತಿತ್ತು. ಅವತ್ತು ಜನರಿಗೆ ಎಚ್ಚರಿಕೆಯೇ ಸಿಗಲಿಲ್ಲ.

ಚಕ್ರ ನೆಲ ಮುಟ್ಟಿದ ಕೂಡಲೇ ಪಿಯರ್ಸನ್ ಬ್ರೇಕ್ ಮೇಲೆ ನಿಂತರು. ಎರಡು ಟೈರ್ ಸಿಡಿದವು. ಮೂತಿಯ ಚಕ್ರ ಮಡಚಿಕೊಂಡಿತು. ಮೂತಿ ನೆಲಕ್ಕೆ ಬಡಿದು ಕಿಡಿ ಹಾರಿಸುತ್ತಾ ಉಜ್ಜಿಕೊಂಡು ಹೋಯಿತು. ಟ್ರ್ಯಾಕಿನ ಮಧ್ಯದ ತಡೆಗಂಬಿಗೂ ಉಜ್ಜಿತು. ಎಂಜಿನ್ ಇಲ್ಲದ್ದರಿಂದ ಹಿಮ್ಮುಖ ಒತ್ತಡ ಕೊಟ್ಟು ನಿಲ್ಲಿಸುವ ದಾರಿ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಕೂರದ ಮೂತಿ ಚಕ್ರ ಮತ್ತು ಕಾರುಗಳಿಗೆ ಅಂತ ಹಾಕಿದ್ದ ಕಬ್ಬಿಣದ ಕಂಬಿ. ಮೂತಿಯ ಚಕ್ರ ಸರಿಯಾಗಿ ಕೂತಿದ್ದರೆ ವಿಮಾನ ಇನ್ನೂ ಮುಂದೆ, ಜನರ ನಡುವೆ ನುಗ್ಗುವ ಸಾಧ್ಯತೆ ಜಾಸ್ತಿ ಇತ್ತು. ಕೆಟ್ಟ ಭಾಗವೊಂದು ಉಪಕಾರಕ್ಕೆ ಬಂದ ಉದಾಹರಣೆ ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಮೂತಿಯ ಹತ್ತಿರ ಸಣ್ಣ ಬೆಂಕಿ ಕಾಣಿಸಿತು. ಅದನ್ನು ಆರಿಸಿದವರು ರೇಸಿನವರು. ಕಾರ್ ರೇಸ್ ನಡೆಯುವ ಕಡೆ ಕೈಯಲ್ಲಿ ಹಿಡಿಯುವ ಬೆಂಕಿ ಆರಿಸುವ ಸಿಲಿಂಡರುಗಳು ಸಿದ್ಧ ಇರುತ್ತವೆ, ಬಳಸಲು ಬಲ್ಲವರೂ ಇರುತ್ತಾರೆ. ನೆಲೆ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ರೇಸ್ ಇಲ್ಲದ ದಿನ ಆಗಿದ್ದರೆ ಆ ಬೆಂಕಿಯ ಹತ್ತಿರ ಸಿಲಿಂಡರ್ ಹಿಡಿದು ಓಡಿಬರಲು ಯಾರೂ ಇರುತ್ತಿರಲಿಲ್ಲ. ರೇಸಿನ ದಿನ ಆದದ್ದಕ್ಕೇ ನೂರಾರು ಜೀವ ಅಪಾಯಕ್ಕೆ ಬಿದ್ದದ್ದೂ ನಿಜ, ಬೆಂಕಿ ಬೇಗ ಆರಿದ್ದೂ ನಿಜ.

ಹತ್ತು ಜನರಿಗೆ ಸಣ್ಣಪುಟ್ಟ ಗಾಯ ಆಯಿತು. ಅದೂ ಹೆಚ್ಚಾಗಿ ಇಳಿಯುವಾಗ. ಮೂತಿ ನೆಲಕ್ಕೆ ಕುಸಿದಿದ್ದರಿಂದ ಬಾಲ ಮೇಲೆದ್ದಿತ್ತು. ಹಿಂದಿನ ಬಾಗಿಲುಗಳ ಜಾರುಬಂಡಿ ತೀರಾ ಕಡಿದಾಗಿ ನಿಂತಿತ್ತು.

ಎರಡು ದಿನದಲ್ಲಿ ಅಲ್ಲೇ ತಾತ್ಕಾಲಿಕ ರಿಪೇರಿ ಮಾಡಿ ಆ ವಿಮಾನವನ್ನು ಹಾರಿಸಿಕೊಂಡು ಹೋದರು. ಪೂರ್ತಿ ರಿಪೇರಿಯ ನಂತರ ಅದು ಮತ್ತೆ ಪ್ರಯಾಣಿಕರನ್ನು ಹೊತ್ತು ಸುಮಾರು ಇಪ್ಪತ್ತೈದು ವರ್ಷ ಹಾರಿತು. 2008ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಗೆ ನಿವೃತ್ತಿಗೆಂದು ಹೋದಾಗ ಪಿಯರ್ಸನ್ ಮತ್ತು ಕ್ವಿಂಟಾಲ್ ಕೂಡ ಒಳಗಿದ್ದರು. ಗಿಮ್ಲಿ ಊರಿನವರು 2017ರಲ್ಲಿ ಈ ಘಟನೆಗೆಂದೇ ಒಂದು ಮ್ಯೂಸಿಯಂ ತೆರೆದರು.

ಯಾರ ತಪ್ಪು?

ಏರ್ ಕೆನಡಾ ಮೊದಲು ತಾನೇ ತನಿಖೆ ಮಾಡಿತು. ಪಿಯರ್ಸನ್ ಅವರಿಗೆ ಆರು ತಿಂಗಳು ಹಿಂಬಡ್ತಿ. ಕ್ವಿಂಟಾಲ್ ಅವರಿಗೆ ಎರಡು ವಾರ ಅಮಾನತು. ಮೂವರು ಮೆಕ್ಯಾನಿಕ್‌ಗಳೂ ಅಮಾನತಾದರು. ಪೈಲಟ್‌ಗಳು ಮೇಲ್ಮನವಿ ಹಾಕಿದರು. ಸರ್ಕಾರ ನ್ಯಾಯಮೂರ್ತಿ ಜಾರ್ಜ್ ಲಾಕ್‌ವುಡ್ ಅವರ ವಿಚಾರಣಾ ಮಂಡಳಿ ನೇಮಿಸಿತು. ಅದರ ವರದಿ 1985ರಲ್ಲಿ ಬಂತು. ಅದೇ ವರ್ಷ ಅಂತಾರಾಷ್ಟ್ರೀಯ ವೈಮಾನಿಕ ಒಕ್ಕೂಟ ಅಸಾಧಾರಣ ವಿಮಾನ ಚಾಲನೆಗಾಗಿ ಕೊಡುವ ಡಿಪ್ಲೊಮಾವನ್ನು ಮೊಟ್ಟಮೊದಲ ಬಾರಿಗೆ ಈ ಇಬ್ಬರಿಗೆ ಕೊಟ್ಟಿತು. ವ್ಯಾಂಕೂವರ್‌ನ ಸಿಮ್ಯುಲೇಟರಿನಲ್ಲಿ ಬೇರೆ ಪೈಲಟ್‌ಗಳಿಗೆ ಇದೇ ಪರಿಸ್ಥಿತಿ ಕೊಟ್ಟು ನೋಡಿದಾಗ ಅವರ ಪ್ರಯತ್ನಗಳು ಅಪಘಾತದಲ್ಲೇ ಮುಗಿದವು.

ಲಾಕ್‌ವುಡ್ ವರದಿ ಪೈಲಟ್‌ಗಳ ಕೌಶಲವನ್ನು ಮೆಚ್ಚಿತು. ತಪ್ಪಿನ ದೊಡ್ಡ ಪಾಲನ್ನು ಕಂಪನಿಯ ಆಡಳಿತದ ಮೇಲೆ ಹೊರಿಸಿತು. ಗೇಜ್ ಕೆಟ್ಟಂಥ ಸಂದರ್ಭದಲ್ಲಿ ಇಂಧನದ ಲೆಕ್ಕ ಯಾರ ಹೊಣೆ ಅನ್ನುವುದನ್ನು ಕಂಪನಿ ಸ್ಪಷ್ಟವಾಗಿ ಗೊತ್ತುಮಾಡಿರಲಿಲ್ಲ ಅಂತ ಅದು ಹೇಳಿತು. ಫ್ಲೈಟ್ ಎಂಜಿನಿಯರ್ ಕುರ್ಚಿ ತೆಗೆದಾಗ ಅವರ ಕೆಲಸಗಳನ್ನೂ ಹಂಚಬೇಕಿತ್ತು. ಬದಲಿ ಘಟಕಗಳನ್ನು ದಾಸ್ತಾನಿನಲ್ಲಿ ಇಡಬೇಕಿತ್ತು. ಕಂಪನಿಯ ವಿಮಾನಗಳಲ್ಲೆಲ್ಲ ಒಂದೇ ಅಳತೆ ಬಳಸಬೇಕು ಅಂತಲೂ ಮಂಡಳಿ ಸಲಹೆ ಕೊಟ್ಟಿತು.

ನಾನು ಲಾಕ್‌ವುಡ್ ಅವರ ಪರ. ಆದರೂ ಪಿಯರ್ಸನ್ ಅವರನ್ನು ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಖಾಲಿ ಗೇಜಿನ ವಿಮಾನವನ್ನು ಹೊರಡಿಸುವುದಿಲ್ಲ ಅನ್ನುವ ಅಧಿಕಾರ ಕ್ಯಾಪ್ಟನ್‌ಗೆ ಇತ್ತು. ಅದನ್ನು ಅವರು ಬಳಸಲಿಲ್ಲ. ಮಾಂಟ್ರಿಯಲ್‌ನ ತಂತ್ರಜ್ಞನ ವಿಷಯದಲ್ಲಿ ಮಾತ್ರ ಆ ಅಮಾನತು ನನಗೆ ಅನ್ಯಾಯ ಅನ್ನಿಸುತ್ತದೆ. ಒಂದು ಕೆಲಸದ ನಡುವೆ ಇನ್ನೊಂದಕ್ಕೆ ಕರೆದಾಗ ಮೊದಲಿನದು ಮರೆತುಹೋಗುವುದು ಯಾವ ಮನುಷ್ಯನಿಗೂ ಆಗುವಂಥದ್ದು. ಆ ಮರೆವನ್ನು ಮುಂದಿನ ಹೆಜ್ಜೆಯಲ್ಲಿ ಹಿಡಿಯುವ ವ್ಯವಸ್ಥೆ ಇರಬೇಕಾಗಿತ್ತು, ಮತ್ತು ಆ ವ್ಯವಸ್ಥೆ ಮಾಡುವುದು ಅವರ ಸಂಬಳದ ಕೆಲಸ ಆಗಿರಲಿಲ್ಲ.